ನಿಂತ ಲಾರಿಯ ನಿರಪರಾಧ

ಭಾವನನ್ನು ಆಸ್ಪತ್ರೆಯಲ್ಲಿ ನೋಡಲು ಬಂದವರೆಲ್ಲ ಒಂದೇ ಮಾತು ಕೇಳಿದರು: "ನೋಡ್ಕೊಂಡು ಓಡಿಸಬಾರದಿತ್ತಾ?" ಕಿತ್ತಳೆ ಹಣ್ಣು ತಂದವರೂ ಕೇಳಿದರು, ಬರಿಗೈಲಿ ಬಂದವರೂ ಕೇಳಿದರು. ಊರಿನ ಹಿರಿಯರೊಬ್ಬರು ಮಂಚದ ಪಕ್ಕ ಕೂತು, ಪ್ಲಾಸ್ಟರ್ ಹಾಕಿದ ಮಂಡಿ ನೋಡುತ್ತಾ, "ಹಗಲು ಕಂಡ ಬಾವಿಗೆ ರಾತ್ರಿ ಬಿದ್ದಂಗಾಯ್ತಲ್ಲಪ್ಪ" ಎಂದರು. ಭಾವ ಎಲ್ಲದಕ್ಕೂ ತಲೆ ಆಡಿಸುತ್ತಿದ್ದರು. ಎಲ್ಲರೂ ಹೋದ ಮೇಲೆ ನನ್ನ ಕೈ ಹಿಡಿದು, "ಕಾಣ್ಲೇ ಇಲ್ಲ ಕಣೋ. ರೋಡು ಕಪ್ಪಗೈತೆ ಅಂದ್ಕೊಂಡೆ, ಅಷ್ಟೇ" ಎಂದರು.

ಗುಬ್ಬಿ ಕಡೆಯಿಂದ ಬಂದು, ತುಮಕೂರಿನ ರಿಂಗ್ ರಸ್ತೆ ಹಿಡಿದು, ಮರಳೂರು ದಿಣ್ಣೆಯ ಮನೆಗೆ ಬರುತ್ತಿದ್ದರು. ರಾತ್ರಿ ಹತ್ತೂವರೆ. ಆಕ್ಸಲ್ ಮುರಿದ ಲಾರಿಯೊಂದು ಸಂಜೆಯಿಂದ ರಸ್ತೆಯಲ್ಲೇ ನಿಂತಿತ್ತು. ಎದುರಿನಿಂದ ಬಂದ ಗಾಡಿಯ ಹೈ ಬೀಮ್ ಕಣ್ಣಿಗೆ ಹೊಡೆದು ಹೋದ ಮರುಕ್ಷಣ ಭಾವನ ಬೈಕು ಲಾರಿಯ ಹಿಂಬದಿಗೆ ತಗುಲಿತು. ಕುಡಿದಿರಲಿಲ್ಲ. ಹೆಲ್ಮೆಟ್ ಇತ್ತು, ಅದಕ್ಕೇ ಬದುಕಿದರು.

ಮಾರನೇ ದಿನ ಬೆಳಗ್ಗೆ ನಾನು ಅಲ್ಲಿಗೆ ಹೋದೆ. ಲಾರಿ ಇನ್ನೂ ಅಲ್ಲೇ ಇತ್ತು. ಹಿಂದೆ ನಾಲ್ಕು ಸೈಜುಗಲ್ಲು, ಒಂದು ಹೊಂಗೆ ಕೊಂಬೆ. ಎಲೆಗಳು ಅಷ್ಟರಲ್ಲೇ ಬಾಡಿದ್ದವು. ಎಡಗಡೆಯ ದೀಪಕ್ಕೆ ಕೆಂಪು ಗಾಜಿರಲಿಲ್ಲ, ಒಳಗೆ ಬಲ್ಬೂ ಇರಲಿಲ್ಲ. ಹೋಲ್ಡರಿನಲ್ಲಿ ಜೇಡ ಬಲೆ ಕಟ್ಟಿತ್ತು. ಅಂದರೆ ಆ ಬಲ್ಬು ಹೋದದ್ದು ನಿನ್ನೆ ಮೊನ್ನೆಯಲ್ಲ. ಬಲಗಡೆಯದು ನೆಟ್ಟಗಿತ್ತು, ಆದರೆ ಟಾರ್ಪಲಿನ ಮಡಿಕೆಯೊಂದು ಇಳಿಬಿದ್ದು ಅದನ್ನು ಪೂರ್ತಿ ಮುಚ್ಚಿತ್ತು. ಹಲಗೆಯ ಉದ್ದಕ್ಕೂ ಅಂಟಿಸಬೇಕಾದ ರೇಡಿಯಂ ಪಟ್ಟಿಯಲ್ಲಿ ಒಂದು ಗೇಣು ಉಳಿದಿತ್ತು. ಅದರ ಮೇಲೆ ಕೆಮ್ಮಣ್ಣು ಎಷ್ಟು ದಪ್ಪ ಕೂತಿತ್ತೆಂದರೆ ಬೆರಳಿನಿಂದ ಉಜ್ಜಿದರೂ ಹೊಳಪು ಬರಲಿಲ್ಲ. ಅದರ ಪಕ್ಕದಲ್ಲೇ ಭಾವನ ಬೈಕಿನ ಬಿಳಿ ಬಣ್ಣ ಒಂದಿಷ್ಟು ಹತ್ತಿಕೊಂಡಿತ್ತು.

"ಹಿಂದಿನಿಂದ ಗುದ್ದಿದವನದೇ ತಪ್ಪು." ನಮ್ಮ ಹೋಟೆಲ್ ಬೆಂಚಿನಿಂದ ಹಿಡಿದು ವಿಮೆ ಕಂಪನಿಗಳ ವಕೀಲರವರೆಗೆ ಎಲ್ಲರೂ ಒಪ್ಪಿಕೊಂಡಿರುವ ಈ ಮಾತು ತಪ್ಪು. ಅದು ಅಪಾಯವೂ ಹೌದು, ಏಕೆಂದರೆ ಅದನ್ನು ನಂಬಿಕೊಂಡಿರುವವರೆಗೆ ನಮ್ಮ ರಸ್ತೆಗಳ ಮೇಲೆ ಯಾವ ಲಾರಿಗೂ ದೀಪ ಹಚ್ಚುವ ಕಾರಣ ಇರುವುದಿಲ್ಲ.

ಮೊದಲು ಆ ಬಾವಿಯ ಗಾದೆಯನ್ನೇ ತೆಗೆದುಕೊಳ್ಳೋಣ. ಹಗಲು ಕಂಡ ಬಾವಿ ಎನ್ನಬೇಕಾದರೆ ಬಾವಿ ಹಗಲು ಅಲ್ಲಿರಬೇಕು. ಈ ಲಾರಿ ಬೆಳಗ್ಗೆ ಅಲ್ಲಿರಲಿಲ್ಲ. ಭಾವ ಅದೇ ರಸ್ತೆಯಲ್ಲಿ ಬೆಳಗ್ಗೆ ಎಂಟಕ್ಕೆ ಹೋದಾಗ ಅಲ್ಲಿದ್ದದ್ದು ಬರೀ ಡಾಂಬರು. ಸಂಜೆ ಯಾರೋ ನಡುದಾರಿಯಲ್ಲಿ ಹೊಸ ಬಾವಿ ತೋಡಿ, ಕಟ್ಟೆ ಕಟ್ಟದೆ, ಮೇಲೊಂದು ಲಾಟೀನು ಇಡದೆ ಹಾಗೇ ಬಿಟ್ಟಿದ್ದರು. ನಮ್ಮ ಹಳ್ಳಿಗಳಲ್ಲಿ ದಾರಿ ಪಕ್ಕದ ಬಾವಿಗೆ ಕಟ್ಟೆ ಕಟ್ಟಿಸದೆ ಬಿಟ್ಟವನನ್ನು ಜನ ಸುಮ್ಮನೆ ಬಿಡುತ್ತಿದ್ದರೇ? ದನ ಬಿದ್ದರೂ ಪಂಚಾಯ್ತಿ ಸೇರುತ್ತಿತ್ತು. ಮನುಷ್ಯ ಬಿದ್ದರೆ ಕೇಳುವುದೇ ಬೇಡ. ಬಾವಿಗೆ ಹಚ್ಚುವ ನ್ಯಾಯವನ್ನು ಇಪ್ಪತ್ತೈದು ಟನ್ ಹೊತ್ತು ನಿಂತ ಗಾಡಿಗೆ ಯಾಕೆ ಹಚ್ಚುವುದಿಲ್ಲ?

ಉತ್ತರ ನಾವು ಮಾತಾಡುವ ರೀತಿಯಲ್ಲೇ ಇದೆ. "ನಿಂತಿದ್ದ ಲಾರಿಗೆ ಕಾರು ಡಿಕ್ಕಿ." ಪತ್ರಿಕೆಯ ಈ ತಲೆಬರಹ ನಮಗೆಲ್ಲ ಬಾಯಿಪಾಠ. ಅದರಲ್ಲಿ ಕೆಲಸ ಮಾಡಿದ್ದು ಕಾರು. ಲಾರಿ ಸುಮ್ಮನೆ ನಿಂತಿತ್ತು, ಮರದ ಹಾಗೆ, ಮೈಲಿಗಲ್ಲಿನ ಹಾಗೆ. ವಾಕ್ಯ ಮುಗಿಯುವಷ್ಟರಲ್ಲಿ ತೀರ್ಪೂ ಮುಗಿದಿರುತ್ತದೆ. ಅದೇ ಸುದ್ದಿಯನ್ನು "ದೀಪ ಹಚ್ಚದೆ ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿದ್ದರಿಂದ ಕಾರಿನಲ್ಲಿದ್ದವರ ಸಾವು" ಎಂದು ಬರೆದದ್ದನ್ನು ನಾನಂತೂ ನೋಡಿಲ್ಲ. ಎಫ್‌ಐಆರ್‌ನಲ್ಲಿ "ಅತಿವೇಗ ಮತ್ತು ಅಜಾಗರೂಕತೆಯಿಂದ" ಎಂಬ ಪದಗಳು ಬೈಕಿನವನ ಹೆಸರಿನ ಪಕ್ಕ ತಾವಾಗಿಯೇ ಬಂದು ಕೂರುತ್ತವೆ. ಬೈಕಿನವನು ಸತ್ತೇ ಹೋಗಿದ್ದರೆ ಆ ಮಾತಿಗೆ ಎದುರು ಹೇಳುವವರೂ ಇಲ್ಲ.

2023ರ ಅಕ್ಟೋಬರ್ 26ರ ಬೆಳಗಿನ ಮಂಜಿನಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೋ ಗುದ್ದಿ 13 ಜನ ಸತ್ತರು. 2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನಲ್ಲಿ, ಸವದತ್ತಿ ಯಲ್ಲಮ್ಮನ ದರ್ಶನ ಮುಗಿಸಿ ಭದ್ರಾವತಿ ಕಡೆಗೆ ಮರಳುತ್ತಿದ್ದವರ ಟೆಂಪೊ ಟ್ರಾವೆಲರ್ ನಿಂತಿದ್ದ ಲಾರಿಗೆ ಗುದ್ದಿ ಮತ್ತೆ 13 ಜನ. ಆ ಎರಡು ಪ್ರಕರಣಗಳ ತಪ್ಪೊಪ್ಪು ತೀರ್ಮಾನಿಸುವುದು ನನ್ನ ಕೆಲಸವಲ್ಲ, ಅದು ನ್ಯಾಯಾಲಯದ್ದು. ನಾನು ಹೇಳುವುದು ಆ ಎರಡೂ ಬೆಳಗ್ಗೆ ನಮ್ಮ ಬೀದಿಯಲ್ಲಿ ಕಿವಿಗೆ ಬಿದ್ದ ಮಾತನ್ನು. "ಡ್ರೈವರ್ ತೂಕಡಿಸಿರ್ತಾನೆ." ಇಪ್ಪತ್ತಾರು ಹೆಣಗಳ ನಡುವೆಯೂ, ಹೆದ್ದಾರಿಯಲ್ಲಿ ಆ ಗಾಡಿಗಳು ಯಾಕೆ ನಿಂತಿದ್ದವು, ಅವುಗಳ ಹಿಂದೆ ದೀಪವಿತ್ತೇ ಎಂದು ಒಬ್ಬರೂ ಕೇಳಲಿಲ್ಲ. ನಿದ್ದೆಗೆಟ್ಟವನ ತಪ್ಪು ತಪ್ಪೇ. ಆದರೆ ಒಬ್ಬನ ತಪ್ಪು ಸಿಕ್ಕ ಕೂಡಲೇ ಇನ್ನೊಬ್ಬನನ್ನು ವಿಚಾರಿಸುವುದನ್ನೇ ನಿಲ್ಲಿಸುತ್ತೇವಲ್ಲ, ನನ್ನ ಸಂಕಟ ಅದು.

ಕಾನೂನು ಜನರ ಈ ಮಾತಿನ ಪರವಾಗಿದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ, ಬೇರೆಯವರಿಗೆ ಅಪಾಯವಾಗುವಂತೆ ಸಾರ್ವಜನಿಕ ಸ್ಥಳದಲ್ಲಿ ಗಾಡಿ ನಿಲ್ಲಿಸುವುದನ್ನೇ ನಿಷೇಧಿಸುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 109ನೆಯದು ಪಾರ್ಕಿಂಗ್ ಲೈಟಿನದು. ಮುಂದೆ ಎರಡು ಪಕ್ಕಕ್ಕೆ ಬಿಳಿ ಅಥವಾ ಹಳದಿ, ಹಿಂದೆ ಎರಡು ಪಕ್ಕಕ್ಕೆ ಕೆಂಪು. ಗಾಡಿ ರಸ್ತೆಯಲ್ಲಿ ನಿಂತಿದ್ದಾಗಲೂ ಅವು ಉರಿಯುತ್ತಲೇ ಇರಬೇಕು. ಇಷ್ಟು ನೇರವಾದ ನಿಯಮ ಮೂವತ್ತೈದು ವರ್ಷದಿಂದ ಪುಸ್ತಕದಲ್ಲಿದೆ. ಮರಳೂರಿನಿಂದ ಕುಣಿಗಲ್ ತನಕ ಒಂದು ರಾತ್ರಿ ಹೋಗಿ ಬನ್ನಿ, ಆ ನಿಯಮ ಎಷ್ಟು ಗಾಡಿಗಳ ಹಿಂದೆ ಉರಿಯುತ್ತಿದೆ ಎಂದು ನೀವೇ ಎಣಿಸಿ.

ನ್ಯಾಯಾಲಯಕ್ಕೆ ಹೋದರೂ ಈ ಜನಪ್ರಿಯ ತೀರ್ಪು ನಿಂತಿಲ್ಲ. ರಾತ್ರಿ ದೀಪವಿಲ್ಲದೆ ರಸ್ತೆ ಮಧ್ಯೆ ನಿಲ್ಲಿಸಿದ್ದ ಗ್ಯಾಸ್ ಟ್ಯಾಂಕರಿಗೆ ವ್ಯಾನ್ ಗುದ್ದಿದ ಪ್ರಕರಣವೊಂದರಲ್ಲಿ ಹೈಕೋರ್ಟ್ ವ್ಯಾನಿನವನದೂ ಅರ್ಧ ತಪ್ಪು ಎಂದಿತ್ತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಪೂರ್ತಿ ಹೊಣೆಯನ್ನು ಟ್ಯಾಂಕರಿನ ಮೇಲೆ ಹೊರಿಸಿತು. 2020ರಲ್ಲಿ, ನಿಂತಿದ್ದ ಡಂಪರಿಗೆ ಗುದ್ದಿ ಸತ್ತ ಬೈಕ್ ಸವಾರನ ವಿಚಾರದಲ್ಲೂ ಹಾಗೇ ಆಯಿತು. 2024ರ ಸೆಪ್ಟೆಂಬರಿನ ತೀರ್ಪಿನ ಪ್ರಕರಣವಂತೂ ನಮ್ಮ ರಾಜ್ಯದಿಂದಲೇ ಹೋದದ್ದು. ಹೆದ್ದಾರಿಯಲ್ಲಿ ಎಚ್ಚರಿಕೆಯ ಯಾವ ಗುರುತೂ ಇಲ್ಲದೆ ಬಿಟ್ಟಿದ್ದ ದೊಡ್ಡ ಟ್ರೇಲರಿಗೆ ಕಾರು ಗುದ್ದಿತ್ತು, ಪರಿಹಾರದಲ್ಲಿ ಅರ್ಧ ಕಡಿತವಾಗಿತ್ತು. ಸುಪ್ರೀಂ ಕೋರ್ಟ್ ಆ ಕಡಿತವನ್ನು ರದ್ದು ಮಾಡಿತು.

ಅದೇ 2018ರ ಏಪ್ರಿಲಿನಲ್ಲಿ ಇದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ಹಿಂದಿನಿಂದ ಗುದ್ದಿದವನದೇ ತಪ್ಪು ಎಂದದ್ದೂ ಉಂಟು. ಅಲ್ಲಿ ಮುಂದಿನ ಲಾರಿ ಓಡುತ್ತಿತ್ತು. ಕಾರಿನವನು ಸಾಕಷ್ಟು ಅಂತರ ಬಿಡದೆ ಅದರ ಬೆನ್ನಿಗೆ ಹತ್ತಿಕೊಂಡು ಹೋಗುತ್ತಿದ್ದ. ಅದು ಸರಿಯಾದ ತೀರ್ಪು. ನಮ್ಮ ಜನರ ಬಾಯಲ್ಲಿರುವ ಸೂತ್ರ ಹುಟ್ಟಿದ್ದು ಇಂಥ ಪ್ರಸಂಗಗಳಿಂದಲೇ ಇರಬೇಕು. ಓಡುವ ಗಾಡಿಯ ಹಿಂದೆ ಓಡುವಾಗ ಅಂತರ ಕಾಯುವುದು ಹಿಂದಿನವನ ಹೊಣೆ, ಯಾಕೆಂದರೆ ಮುಂದಿನದು ಅವನಿಗೆ ಕಾಣುತ್ತಿರುತ್ತದೆ. ಕಾಣದ್ದರಿಂದ ಎಷ್ಟು ಅಂತರ ಬಿಡಬೇಕು?

ಈ ವಿಷಯದಲ್ಲಿ ನೀರಿನ ಮೇಲಿನ ಜನ ನಮಗಿಂತ ಬಹಳ ಹಿಂದೆಯೇ ಸರಿಯಾಗಿ ಯೋಚಿಸಿದ್ದಾರೆ. ಲಂಗರು ಹಾಕಿ ನಿಂತ ಹಡಗು ಕತ್ತಲಾದ ಮೇಲೆ ಸುತ್ತಲಿಂದಲೂ ಕಾಣುವ ಬಿಳಿ ದೀಪ ಹಚ್ಚಿರಬೇಕು ಎನ್ನುತ್ತದೆ 1972ರ ಅಂತಾರಾಷ್ಟ್ರೀಯ ಡಿಕ್ಕಿ ತಡೆ ನಿಯಮಾವಳಿಯ 30ನೇ ನಿಯಮ. ಹಡಗು 100 ಮೀಟರಿಗಿಂತ ಉದ್ದವಿದ್ದರೆ ಇಡೀ ಡೆಕ್ಕನ್ನೇ ಬೆಳಗಬೇಕು. ಹೊಳೆಯಲ್ಲಿ ಓಡಾಡುವ ದೋಣಿ, ಬಾರ್ಜುಗಳಿಗೆ ನಮ್ಮ ದೇಶದಲ್ಲಿ 1917ರ ಕಾಯ್ದೆಯಿತ್ತು, ಅದರ ಜಾಗಕ್ಕೆ 2021ರ ಒಳನಾಡು ಹಡಗುಗಳ ಕಾಯ್ದೆ ಬಂತು. ದೀಪ, ಸಂಕೇತಗಳ ಮಾತು ಅದರಲ್ಲೂ ಇದೆ.

ನಮ್ಮ ಮರಳೂರು ಕೆರೆಯಲ್ಲಿ ಬಾರ್ಜು ಓಡುವುದಿಲ್ಲ. ಆದರೂ ಹೊಳೆಯವರ ತರ್ಕ ನಮಗೆ ಬೇಕು. ಕಟ್ಟಿಹಾಕಿದ ದೋಣಿ ಪಕ್ಕಕ್ಕೆ ಸರಿಯಲಾರದು. ಬರುವವನು ಬಂದೇ ಬರುತ್ತಾನೆ, ಅದು ತಪ್ಪಿಸಿಕೊಳ್ಳಲಾರದು. ಅದರ ಕೈಲಿರುವುದು ಒಂದೇ ಕೆಲಸ, ತಾನು ಇಲ್ಲಿದ್ದೇನೆ ಎಂದು ತಿಳಿಸುವುದು. ಆದ್ದರಿಂದ ಆ ಒಂದು ಕೆಲಸ ಅದರ ಪೂರ್ತಿ ಹೊಣೆ. ನಾವು ಅದೇ ನಿಶ್ಚಲತೆಯನ್ನು ನೋಡಿ, "ಪಾಪ, ಸುಮ್ಮನೆ ನಿಂತಿತ್ತು" ಎಂದು ಹೊಣೆಯಿಂದಲೇ ಬಿಡುಗಡೆ ಮಾಡುತ್ತೇವೆ. ರಸ್ತೆ ಇರುವುದು ಹೋಗುವುದಕ್ಕೆ. ಅಲ್ಲಿ ನಿಲ್ಲುವುದೂ ಒಂದು ಕೆಲಸವೇ, ಅದೂ ಕತ್ತಲಲ್ಲಿ ನಿಲ್ಲುವುದು ಓಡುವುದಕ್ಕಿಂತ ಹೆಚ್ಚು ಎಚ್ಚರ ಬೇಡುವ ಕೆಲಸ.

ಹಿಂದಿನವರಿಗೆ ಇದು ಗೊತ್ತಿತ್ತು. ನಮ್ಮ ತಾತನ ಎತ್ತಿನ ಗಾಡಿಯ ಅಚ್ಚಿನ ಕೆಳಗೆ ಒಂದು ಕೊಂಡಿ ಇತ್ತು. ಸಂತೆಯಿಂದ ಬರುವಾಗ ಹೊತ್ತು ಮುಳುಗಿದರೆ ಆ ಕೊಂಡಿಗೆ ಲಾಟೀನು ನೇತುಹಾಕುತ್ತಿದ್ದರು. ಎತ್ತಿಗೆ ದಾರಿ ಗೊತ್ತು, ಗಾಡಿ ಹೊಡೆಯುವವನಿಗೆ ಬೆಳಕೇ ಬೇಕಿರಲಿಲ್ಲ. ಆ ಲಾಟೀನು ಪೂರ್ತಿಯಾಗಿ ಬೇರೆಯವರಿಗಾಗಿ ಉರಿಯುತ್ತಿತ್ತು. ಸೀಮೆಎಣ್ಣೆ ಅಳೆದು ತರುತ್ತಿದ್ದ ಕಾಲದಲ್ಲಿ.

"ನೋಡ್ಕೊಂಡು ಓಡಿಸಬಾರದಿತ್ತಾ" ಎನ್ನುವವರ ಗಟ್ಟಿ ವಾದ ಒಂದಿದೆ, ಅದನ್ನು ಎದುರಿಸಲೇಬೇಕು. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಆಗುವ ವೇಗದಲ್ಲೇ ಓಡಿಸಬೇಕು ಎಂಬುದು. ಕೇಳಲು ಸರಿ. ಲೆಕ್ಕ ಹಾಕೋಣ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಂಡದ್ದು ಏನೆಂದು ಗೊತ್ತಾಗಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು, 25 ಮೀಟರ್ ಹೋಯಿತು. ಒಳ್ಳೆಯ ರಸ್ತೆ, ಒಳ್ಳೆಯ ಬ್ರೇಕು ಇದ್ದರೂ ನಿಲ್ಲಲು ಇನ್ನು 20 ಮೀಟರ್. ಒಟ್ಟು 45. ಡಿಮ್ಮಿನಲ್ಲಿ ಧೂಳು ಮೆತ್ತಿದ ಕಪ್ಪು ಹಲಗೆ ಸ್ಪಷ್ಟವಾಗಿ ಕಾಣುವುದು 30–40 ಮೀಟರ್ ಹತ್ತಿರ ಬಂದ ಮೇಲೆ. ಎದುರಿನ ದೀಪ ಕಣ್ಣಿಗೆ ಹೊಡೆದಿದ್ದರೆ ಅದೂ ಇಲ್ಲ. ಅಂದರೆ 60ರಲ್ಲಿ ಹೋಗುವವನಿಗೂ ತಪ್ಪಿಸಿಕೊಳ್ಳಲು ಜಾಗವಿಲ್ಲ. ಈ ವಾದವನ್ನು ಪೂರ್ತಿ ಒಪ್ಪಿದರೆ ರಾತ್ರಿ ಎಲ್ಲರೂ 40ರಲ್ಲಿ ಹೋಗಬೇಕು. ಆದರೆ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ ಎಂದು 2018ರಲ್ಲಿ ಹೇಳಿದ್ದು ಕೇಂದ್ರ ಸರ್ಕಾರವೇ. ಟೋಲ್ ಕಟ್ಟಿಸಿಕೊಳ್ಳುವುದೂ ಆ ವೇಗ ಕೊಡುತ್ತೇವೆಂದೇ. ಇತ್ತ ವೇಗದ ರಸ್ತೆ ಕೊಟ್ಟು, ಅತ್ತ ಅದರ ಮೇಲೆ ದೀಪವಿಲ್ಲದ ಗೋಡೆ ನಿಲ್ಲಲು ಬಿಟ್ಟು, ಗುದ್ದಿದವನಿಗೆ ನಿಧಾನದ ಉಪದೇಶ ಹೇಳುವುದು ನ್ಯಾಯವಲ್ಲ. ಅದೇ ಲಾರಿಯ ಹಿಂದೆ ಎರಡು ಕೆಂಪು ದೀಪ ಉರಿಯುತ್ತಿದ್ದರೆ ನೇರ ರಸ್ತೆಯಲ್ಲಿ ಇನ್ನೂರು ಮುನ್ನೂರು ಮೀಟರ್ ದೂರದಿಂದಲೇ ಗೊತ್ತಾಗುತ್ತದೆ.

ಇನ್ನೊಂದು ವಾದ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. "ರಾತ್ರಿಯೆಲ್ಲ ಲೈಟ್ ಹಾಕಿಟ್ರೆ ಬ್ಯಾಟರಿ ಡೌನ್ ಆಗುತ್ತೆ ಸಾರ್, ಬೆಳಗ್ಗೆ ತಳ್ಳೋರು ಯಾರು?" ನಾನೂ ಬಹಳ ದಿನ ಇದನ್ನು ನಂಬಿದ್ದೆ. ದೊಡ್ಡ ಲಾರಿಗಳದ್ದು 24 ವೋಲ್ಟಿನ ವೈರಿಂಗ್. ಪಾರ್ಕಿಂಗ್ ಬಲ್ಬು ಒಂದಕ್ಕೆ 5 ವಾಟ್. ನಾಲ್ಕಕ್ಕೆ 20. ಒಂದು ಆಂಪಿಯರ್ ಕೂಡ ಎಳೆಯುವುದಿಲ್ಲ. ಹತ್ತು ಗಂಟೆ ಉರಿದರೆ ಎಂಟು ಚಿಲ್ಲರೆ ಆಂಪಿಯರ್-ಅವರ್. ಲಾರಿ ಬ್ಯಾಟರಿಯ ಶಕ್ತಿ ನೂರರ ಆಸುಪಾಸು. ಬಲ್ಬುಗಳು ದುಪ್ಪಟ್ಟು ಇದ್ದರೂ ಆರನೇ ಒಂದು ಭಾಗ ಖರ್ಚು, ಎಲ್‌ಇಡಿ ಹಾಕಿಸಿದರೆ ಅದಕ್ಕಿಂತ ಎಷ್ಟೋ ಕಡಿಮೆ. ಅಷ್ಟಕ್ಕೂ ಸ್ಟಾರ್ಟ್ ಆಗದ ಬ್ಯಾಟರಿಯನ್ನು ಮೊದಲೇ ಬದಲಾಯಿಸಬೇಕಿತ್ತು. ಹಳೇ ಬ್ಯಾಟರಿ ಇನ್ನೊಂದು ವರ್ಷ ಓಡಲಿ ಎಂದು ಮಾಲೀಕ ಉಳಿಸಿದ ದುಡ್ಡನ್ನು ಭಾವ ತನ್ನ ಮಂಡಿಯಿಂದ ಕಟ್ಟಿದರು.

ಕಲ್ಲು ಮತ್ತು ಕೊಂಬೆಯ ವಿಷಯವನ್ನೂ ಹೇಳಲೇಬೇಕು. ಕೊಂಬೆ ಇಟ್ಟಿದ್ದರಲ್ಲ, ಎಚ್ಚರಿಕೆ ಕೊಟ್ಟಂತಾಯಿತಲ್ಲ ಎನ್ನುತ್ತಾರೆ. ಹಸಿರು ಎಲೆ ರಾತ್ರಿ ಕಪ್ಪು. ಸೈಜುಗಲ್ಲು ಡಾಂಬರಿನ ಬಣ್ಣ. ಹಗಲಿಗೆ ಅದು ಗುರುತಾದೀತು, ಇರುಳಿಗೆ ಅದು ಲಾರಿಗಿಂತ ಮೊದಲು ಸಿಗುವ ಇನ್ನೊಂದು ಅಪಾಯ. ರಿಪೇರಿ ಮುಗಿದ ಮೇಲೆ ಲಾರಿ ಹೊರಟುಹೋಗುತ್ತದೆ, ಕಲ್ಲುಗಳು ಅಲ್ಲೇ ಉಳಿಯುತ್ತವೆ. ಸ್ಕೂಟರಿನವರು ಎಷ್ಟು ಜನ ಆ ಕಲ್ಲಿಗೆ ಬಿದ್ದಿದ್ದಾರೆ! ಬೆಳಕನ್ನು ಹಿಂದಿರುಗಿಸುವ ಕೆಂಪು ತ್ರಿಕೋನ ಹೊಸ ಗಾಡಿಗಳ ಜೊತೆಗೇ ಬರುತ್ತದೆ. ಅದು ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ ಮಲಗಿರುತ್ತದೆ. ಇನ್ನು ಎಂಜಿನ್ ಬಿಚ್ಚಿಕೊಂಡು ಹೋಗಿ, ಚಕ್ರಕ್ಕೆ ಕಲ್ಲು ಕೊಟ್ಟು, ಟ್ರೇಲರ್ ಮಾತ್ರ ರಸ್ತೆ ಪಕ್ಕ ಬಿಡುವ ಟ್ರ್ಯಾಕ್ಟರಿನವರು. ಅದಕ್ಕೆ ಬ್ಯಾಟರಿಯೂ ಇಲ್ಲ, ದೀಪವೂ ಇಲ್ಲ, ಬಹಳಷ್ಟಕ್ಕೆ ನಂಬರ್ ಪ್ಲೇಟೂ ಇಲ್ಲ. ಅಂಥದ್ದು ನಮ್ಮ ತಾಲ್ಲೂಕಿನ ಪ್ರತಿ ಊರಿನ ಬಾಗಿಲಲ್ಲೂ ಒಂದು ನಿಂತಿರುತ್ತದೆ. ಅವರು ನಮ್ಮವರೇ, ನೆಂಟರೇ. ಹಾಗೆಂದು ಸುಮ್ಮನಿರಲು ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಲಾರಿ ಚಾಲಕರ ಮೇಲೆ ನನಗೇನೋ ಹಗೆ ಎಂದು ಯಾರೂ ತಿಳಿಯಬಾರದು. ಭಾವನಿಗೆ ಗಾಯ ಮಾಡಿದ ಗಾಡಿಯ ಚಾಲಕ, ಕಂಪನಿಯ ಕೆಲಸಕ್ಕೆ ಬಂದಿದ್ದ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಆಕ್ಸಲ್ ಬರುವವರೆಗೆ ಲೋಡು ಬಿಟ್ಟು ಹೋಗುವಂತಿಲ್ಲ. ಬಲ್ಬು ಹಾಕಿಸಲು ದುಡ್ಡು ಕೇಳಿದರೆ ಮಾಲೀಕ ಕೊಡುತ್ತಿರಲಿಲ್ಲವಂತೆ. ವಸಂತನರಸಾಪುರ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶಗಳ ಕಡೆಗೆ ಹಗಲಿರುಳೂ ಲಾರಿಗಳು ಬರುತ್ತವೆ, ಹೋಗುತ್ತವೆ. ಬೆಂಗಳೂರು–ಪುಣೆ ಹೆದ್ದಾರಿಯ ನಂಬರು ಮೊದಲು 4, ಈಗ 48. ಕುಣಿಗಲ್ ಮೇಲೆ ಮಂಗಳೂರಿಗೆ ಹೋಗುವುದು ಮೊದಲು 48, ಈಗ 75. ನಂಬರು ಬದಲಾಯಿತೇ ಹೊರತು ಸುಸ್ತಾದ ಚಾಲಕ ಗಾಡಿ ಬದಿಗೆ ಹಾಕಿ ನಾಲ್ಕು ಗಂಟೆ ನೆಮ್ಮದಿಯಾಗಿ ಮಲಗುವ ಜಾಗ ಬೇಕಾದಷ್ಟು ಆಗಲಿಲ್ಲ. ಆ ಜಾಗ ಕೇಳುವುದು ಚಾಲಕರ ಹಕ್ಕು, ನಾನೂ ಅವರ ಜೊತೆ ಕೇಳುತ್ತೇನೆ. ಆದರೆ ಜಾಗ ಆಗುವ ತನಕ ಕತ್ತಲಲ್ಲೇ ನಿಲ್ಲುತ್ತೇವೆ ಎಂಬುದನ್ನು ಮಾತ್ರ ಒಪ್ಪಲಾರೆ. ಗಾಡಿಯ ಒಳಗೆ ಮಲಗಿದವನ ಜೀವಕ್ಕೂ ಆ ಕೆಂಪು ದೀಪವೇ ಕಾವಲು. ಹಿಂದಿನಿಂದ ಬರುವುದು ಬೈಕೇ ಆಗಬೇಕೆಂದಿಲ್ಲ, ಬಸ್ಸೂ ಆಗಬಹುದು, ಇನ್ನೊಂದು ಲಾರಿಯೂ ಆಗಬಹುದು. ಟೈರ್ ಬಿಚ್ಚುತ್ತಾ ಗಾಡಿಯ ಹಿಂದೆ ಕೂತ ಎಷ್ಟು ಕ್ಲೀನರ್ ಹುಡುಗರು ಹೀಗೆ ಹೋಗಿದ್ದಾರೆ.

ಸರಕು ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್. ಎಫ್‌ಸಿಗೆ ಹೋಗುವ ದಿನ ಎಲ್ಲ ಗಾಡಿಗಳೂ ಮದುವಣಿಗನ ಹಾಗೆ ಇರುತ್ತವೆ, ಹೊಸ ಬಲ್ಬು, ಹೊಸ ರೇಡಿಯಂ. ಉಳಿದ ಮುನ್ನೂರ ಅರವತ್ತನಾಲ್ಕು ರಾತ್ರಿ ನೋಡುವವರು ಯಾರು? ದಂಡದ ಮಾತು ಹೇಳುವುದಾದರೆ, ದಾರಿಗೆ ಅಡ್ಡಿ ಮಾಡಿದವನಿಗೆ ಹಳೆಯ ಭಾರತೀಯ ದಂಡ ಸಂಹಿತೆಯ 283ನೇ ಕಲಂನಲ್ಲಿ ಹೆಚ್ಚೆಂದರೆ 200 ರೂಪಾಯಿ ಇತ್ತು. 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂನಲ್ಲಿ ಅದು 5,000ದವರೆಗೆ ಏರಿದೆ. ಏರಿದ್ದು ಒಳ್ಳೆಯದೇ. ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ಠಾಣೆಯಲ್ಲಿ ಕೂತವರ ಮನಸ್ಸಿಗೆ ಹೊಳೆಯಬೇಕಲ್ಲ. ಗುದ್ದಿದವನೇ ತಪ್ಪಿತಸ್ಥ ಎಂದು ಮನಸ್ಸಿನಲ್ಲಿ ಬರೆದುಕೊಂಡ ಮೇಲೆ, ಸ್ಥಳ ಮಹಜರಿನಲ್ಲಿ ಲಾರಿಯ ದೀಪದ ಸ್ಥಿತಿ ಬರೆಯಲು ಯಾರಿಗೆ ನೆನಪಾಗುತ್ತದೆ? ನಾನು ಕೇಳುವುದು ಇಷ್ಟೇ. ರಾತ್ರಿಯ ಅಪಘಾತದ ಪ್ರತಿ ಮಹಜರಿನಲ್ಲೂ ನಿಂತಿದ್ದ ಗಾಡಿಯ ಹಿಂಬದಿಯ ಫೋಟೊ ಇರಲಿ. ಬಲ್ಬು ಇತ್ತೇ, ಉರಿಯುತ್ತಿತ್ತೇ, ರೇಡಿಯಂ ಪಟ್ಟಿ ಇತ್ತೇ ಎಂದು ಬರೆಯಲಿ. ಗಸ್ತಿನ ಜೀಪು ರಾತ್ರಿ ಹೋಗುವಾಗ ಕತ್ತಲಲ್ಲಿ ನಿಂತ ಗಾಡಿಯ ಬಾಗಿಲು ತಟ್ಟಲಿ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರದ ವರದಿಯಲ್ಲಿ ನಿಂತ ವಾಹನಕ್ಕೆ ಗುದ್ದಿದವರದ್ದೇ ಒಂದು ಪ್ರತ್ಯೇಕ ಸಾಲಿದೆ. ಆ ಸಾಲಿನಲ್ಲಿರುವವರಲ್ಲಿ ಎಷ್ಟು ಮಂದಿ ಅಜಾಗರೂಕರು, ಎಷ್ಟು ಮಂದಿಗೆ ಏನೂ ಕಾಣಲಿಲ್ಲ ಎಂದು ತಿಳಿಯಬೇಕಾದರೆ ಆ ಮಹಜರು ಬೇಕು.

ಭಾವ ಈಗ ಕೋಲು ಹಿಡಿದು ನಡೆಯುತ್ತಾರೆ. ಮೊನ್ನೆ ರಾತ್ರಿ ಕುಣಿಗಲ್ ಕಡೆಯಿಂದ ಇಬ್ಬರೂ ಕಾರಿನಲ್ಲಿ ಬರುವಾಗ, ದಿಣ್ಣೆಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ, ಬೇವಿನ ಮರದ ನೆರಳಲ್ಲಿ ಲಾರಿಯೊಂದು ಕಪ್ಪಗೆ ನಿಂತಿತ್ತು. ಭಾವ ನನ್ನ ಭುಜ ಗಟ್ಟಿಯಾಗಿ ಹಿಡಿದು, "ನಿಲ್ಸು" ಎಂದರು. ಇಳಿದು ಹೋಗಿ ಕೋಲಿನಿಂದ ಕ್ಯಾಬಿನ್ನಿನ ಬಾಗಿಲು ತಟ್ಟಿದರು. ಒಳಗಿನಿಂದ ನಿದ್ದೆಗಣ್ಣಿನ ಚಾಲಕ ಹೆದರಿ ಕಿಟಕಿ ಇಳಿಸಿದ, ಪೊಲೀಸರು ಅಂದುಕೊಂಡಿದ್ದ. "ಏನಿಲ್ಲಪ್ಪ, ಪಾರ್ಕಿಂಗ್ ಹಾಕ್ಕೋ" ಎಂದರು ಭಾವ. ಸ್ವಿಚ್ ಒತ್ತಿದ ಸದ್ದು ಕೇಳಿತು. ಬಲಗಡೆಯದು ಹತ್ತಿತು, ಎಡಗಡೆಯದು ಹತ್ತಲಿಲ್ಲ. ಚಾಲಕ ಲುಂಗಿ ಕಟ್ಟಿಕೊಂಡು ಇಳಿದು ಬಂದು, ದೀಪದ ಗಾಜನ್ನು ಅಂಗೈಯಿಂದ ಒರೆಸಿ, ಎರಡು ಸಲ ಬಡಿದ. ಮೂರನೇ ಏಟಿಗೆ ಅದೂ ಹತ್ತಿತು.